ದೂರದ ದ್ವೀಪಗಳತ್ತ ಹೊರಟ ಆರ್ಕೆಸ್ಟ್ರಾ: ಆರು ಕೃತಿಗಳಲ್ಲಿ ನಿಮಗೆ ಯಾವುದು?

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳಲು ಶುರು ಮಾಡಿದವರಲ್ಲಿ ಅನೇಕರು ಸಮುದ್ರದ ಸಂಗೀತದ ಹತ್ತಿರ ಬಂದು ಗೊಂದಲಕ್ಕೆ ಬೀಳುತ್ತಾರೆ. ಹುಡುಕಿದರೆ ಹೆಸರುಗಳ ಸಾಲೇ ಬರುತ್ತದೆ. ಹತ್ತು ನಿಮಿಷದ ಓವರ್ಚರ್ (ಆರ್ಕೆಸ್ಟ್ರಾದ ಚಿಕ್ಕ ಬಿಡಿ ಕೃತಿ) ಇದೆ, ಮುಕ್ಕಾಲು ಗಂಟೆಯ ಸಿಂಫನಿ ಇದೆ, ಒಂದೇ ಕೃತಿಗೆ ನಾಲ್ಕು ಶೀರ್ಷಿಕೆಗಳಿವೆ, ಒಂದೊಂದಕ್ಕೂ ಹತ್ತಾರು ಧ್ವನಿಮುದ್ರಣಗಳಿವೆ. ಇಲ್ಲಿ ಹೋಲಿಸುತ್ತಿರುವುದು ಬರೀ ಕಡಲನ್ನು ಚಿತ್ರಿಸುವ ಕೃತಿಗಳನ್ನಲ್ಲ, ಕಡಲು ದಾಟಿ ಒಂದು ದೂರದ ದ್ವೀಪಕ್ಕೆ ಕರೆದೊಯ್ಯುವಂಥವನ್ನು. ಹಾಗಾಗಿ ಡೆಬ್ಯುಸಿಯ 'ಲಾ ಮೆರ್' ಈ ಪಟ್ಟಿಯಲ್ಲಿಲ್ಲ. ಅದು ಮಹಾನ್ ಕೃತಿ, ಆದರೆ ಅದರಲ್ಲಿ ಯಾವ ದಡವೂ ಇಲ್ಲ.

ಆಯ್ಕೆಗೆ ಮೊದಲು ಏನೇನು ನೋಡಬೇಕು?

ಮೊದಲನೆಯದು ಸಮಯ. ಈ ಆರು ಕೃತಿಗಳಲ್ಲಿ ಚಿಕ್ಕವು ಹತ್ತು ನಿಮಿಷದ ಆಸುಪಾಸಿನವು, ದೊಡ್ಡದು ಮೂವತ್ತೈದು ನಿಮಿಷದ್ದು. ಹೊಸ ಕಿವಿಗೆ ಈ ವ್ಯತ್ಯಾಸ ಬಹಳ ದೊಡ್ಡದು. ಹತ್ತು ನಿಮಿಷದ ಕೃತಿಯನ್ನು ಒಂದೇ ಸಂಜೆ ಮೂರು ಸಲ ಕೇಳಬಹುದು, ಮೂರನೆಯ ಸಲಕ್ಕೆ ಅದು ನಿಮ್ಮದಾಗುತ್ತದೆ.

ಎರಡನೆಯದು ನಿಮ್ಮ ಕೈಯಲ್ಲಿರುವ ಸಲಕರಣೆ. ಇದನ್ನು ಯಾರೂ ಹೇಳುವುದಿಲ್ಲ, ಎಡವುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಸಮುದ್ರವನ್ನು ಬರೆಯುವವರು ಅದನ್ನು ಕೆಳಸ್ಥಾಯಿಯಲ್ಲಿ ಬರೆಯುತ್ತಾರೆ: ಚೆಲೋ ಮತ್ತು ಡಬಲ್ ಬಾಸ್ ಎಂಬ ದೊಡ್ಡ ತಂತಿವಾದ್ಯಗಳು, ಬಸೂನ್ ಎಂಬ ಮರದ ಗಾಳಿವಾದ್ಯ, ಟಿಂಪನಿ ಎಂಬ ನಗಾರಿ. ಮೊಬೈಲಿನ ಸ್ಪೀಕರ್ ಸುಮಾರು 300–400 ಹರ್ಟ್ಜ್‌ಗಿಂತ ಕೆಳಗಿನ ಸದ್ದನ್ನು ಸರಿಯಾಗಿ ಹೊರಹಾಕುವುದೇ ಇಲ್ಲ. ಅಂದರೆ ಅಲೆಗಳೇ ಮಾಯವಾಗಿ ಮೇಲಿನ ಪಿಟೀಲು ಮಾತ್ರ ಉಳಿಯುತ್ತದೆ, ಕೇಳಿದವರು 'ಇದರಲ್ಲೇನಿದೆ' ಎಂದು ಮುಚ್ಚಿಡುತ್ತಾರೆ. ತಂತಿಯಿರುವ ಸಾಧಾರಣ ಇಯರ್‌ಫೋನ್ ಕೂಡ ಮೊಬೈಲ್ ಸ್ಪೀಕರಿಗಿಂತ ಎಷ್ಟೋ ಮೇಲು.

ಮೂರನೆಯದು, ಹಿಡಿದುಕೊಳ್ಳಲು ಒಂದು ರಾಗಭರಿತ ಎಳೆ ಇದೆಯೇ ಎಂಬುದು. ಹಾಡು ಕೇಳಿ ಬೆಳೆದ ಕಿವಿಗೆ ಅಂಥ ಎಳೆ ಬೇಕೇ ಬೇಕು.

ನಾಲ್ಕನೆಯದು ನಮ್ಮ ಪ್ರಕಾರ ಎಲ್ಲಕ್ಕಿಂತ ಮುಖ್ಯ: ದೋಣಿಯ ಚಲನೆ ಸಂಗೀತದ ಕಟ್ಟಡದೊಳಗೇ ಇದೆಯೇ, ಅಥವಾ ಮೇಲೆ ಬಳಿದ ಬಣ್ಣದಲ್ಲಿ ಮಾತ್ರ ಇದೆಯೇ? ಹಾರ್ಪ್ ಗೀಚಿ, ಸಿಂಬಲ್ ಬಡಿದು ಅಲೆಯ ಸದ್ದು ಬರಿಸುವುದು ಕಷ್ಟವಲ್ಲ. ಲಯದಲ್ಲೇ, ಸ್ವರಗಳ ಏರಿಳಿತದಲ್ಲೇ ತೇಲುವ ಭಾವ ಬರುವುದು ಕಷ್ಟ. ಅಂಥ ಕೃತಿ ಇಪ್ಪತ್ತನೆಯ ಸಲ ಕೇಳಿದಾಗಲೂ ಸವೆಯುವುದಿಲ್ಲ.

ಮೆಂಡೆಲ್‌ಸನ್: ಹೆಬ್ರಿಡೀಸ್ ಓವರ್ಚರ್, ಓಪಸ್ (ಕೃತಿಸಂಖ್ಯೆ) 26

ಬಹುತೇಕರಿಗೆ ನಮ್ಮ ಉತ್ತರ ಇದೇ, ಆದ್ದರಿಂದ ಇದಕ್ಕೇ ಹೆಚ್ಚು ಜಾಗ.

1829ರ ಬೇಸಿಗೆಯಲ್ಲಿ ಇಪ್ಪತ್ತು ವರ್ಷದ ಮೆಂಡೆಲ್‌ಸನ್ ಗೆಳೆಯ ಕಾರ್ಲ್ ಕ್ಲಿಂಗೆಮಾನ್ ಜೊತೆ ಸ್ಕಾಟ್ಲೆಂಡ್ ಸುತ್ತುತ್ತಾ ಪಶ್ಚಿಮ ಕರಾವಳಿಗೆ ಬಂದರು. ಆಗಸ್ಟ್ 7ರಂದು ಮನೆಗೆ ಬರೆದ ಪತ್ರದಲ್ಲಿ, ಅಲ್ಲಿನ ಹೆಬ್ರಿಡೀಸ್ ದ್ವೀಪಸಮೂಹ ತಮ್ಮನ್ನು ಎಷ್ಟು ತಟ್ಟಿದೆ ಎಂದು ತೋರಿಸಲು ಓವರ್ಚರ್‌ನ ಆರಂಭವನ್ನೇ ಸ್ವರಲಿಪಿಯಲ್ಲಿ ಗೀಚಿದರು. ಸ್ಟಾಫಾ ದ್ವೀಪಕ್ಕೆ, ಅಲ್ಲಿನ ಫಿಂಗಲ್ ಗುಹೆಗೆ ಹೋದದ್ದು ಮರುದಿನ. ಗುಹೆ ನೋಡಿ ಬರೆದ ಸಂಗೀತ ಎಂದು ಎಷ್ಟೋ ಆಲ್ಬಮ್ ಟಿಪ್ಪಣಿಗಳಲ್ಲಿ ಓದುತ್ತೇವೆ, ಆದರೆ ಮೊದಲ ಸಾಲು ಹುಟ್ಟಿದ್ದು ಗುಹೆಗೆ ಮುಂಚೆ. ಅದು ಕಡಲಿನ ಸಾಲು. ಗುಹೆಯ ದಿನ ಮೆಂಡೆಲ್‌ಸನ್ ಹಡಗಿನ ತೂಗಾಟಕ್ಕೆ ಹೊಟ್ಟೆ ತೊಳಸಿ ಮಲಗಿದ್ದರೆಂದು ಕ್ಲಿಂಗೆಮಾನ್ ಪತ್ರದಿಂದ ತಿಳಿಯುತ್ತದೆ.

ಸ್ಟಾಫಾ ಹೇಗಿದೆ ಎಂದು ಊಹಿಸಲು ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪ ನೋಡಿದವರಿಗೆ ಕಷ್ಟವಿಲ್ಲ. ಲಾವಾ ತಣ್ಣಗಾಗುವಾಗ ಕುಗ್ಗಿ ಬಿರಿದು ಮೂಡುವ ಬಹುಭುಜ ಕಲ್ಲುಕಂಬಗಳು ಎರಡೂ ಕಡೆ ಇವೆ. ಸ್ಟಾಫಾದಲ್ಲಿ ಆ ಕಂಬಗಳ ನಡುವೆ ಕಡಲು ನುಗ್ಗುವ ಗುಹೆಯೊಂದಿದೆ, ಅಷ್ಟೇ ಹೆಚ್ಚು.

ಈಗ ಆರಂಭವನ್ನು ಹತ್ತಿರದಿಂದ ನೋಡೋಣ. ವಯೋಲಾ (ಪಿಟೀಲಿಗಿಂತ ತುಸು ದೊಡ್ಡ, ತಗ್ಗುದನಿಯ ವಾದ್ಯ), ಚೆಲೋ, ಬಸೂನ್ ಸೇರಿ ಒಂದೇ ಒಂದು ಆವರ್ತದಷ್ಟು (ಒಂದು ಬಾರ್) ಚಿಕ್ಕ ಸ್ವರಪುಂಜವನ್ನು ನುಡಿಸುತ್ತವೆ, ಅದು ಮೇಲಿನಿಂದ ಕೆಳಕ್ಕೆ ಉರುಳುತ್ತದೆ. ಮತ್ತೆ ಅದೇ. ಮೇಲೆ ಪಿಟೀಲುಗಳು ಉದ್ದನೆಯ ಸ್ವರ ಹಿಡಿದು ನಿಂತಿವೆ. ಮೊದಲೆರಡು ಆವರ್ತ ಷಡ್ಜದ ಮೇಲೆ ಇದ್ದರೆ ಮುಂದಿನೆರಡು ಗಾಂಧಾರದ ಮೇಲೆ, ಅದರ ಮುಂದಿನೆರಡು ಪಂಚಮದ ಮೇಲೆ. ಪ್ರತಿ ಪುಂಜವೂ ಇಳಿಯುತ್ತದೆ, ಆದರೆ ಇಡೀ ಸಂಗೀತ ಏರುತ್ತದೆ. ಒಂದು ಸಿಂಬಲ್ ಇಲ್ಲ, ಹಾರ್ಪ್ ಇಲ್ಲ, ಟ್ರಾಂಬೋನ್ ಕೂಡ ಇಲ್ಲ. ಎರಡೆರಡು ಮರದ ಗಾಳಿವಾದ್ಯ, ಎರಡು ಹಾರ್ನ್, ಎರಡು ಟ್ರಂಪೆಟ್, ಟಿಂಪನಿ, ತಂತಿವಾದ್ಯ, ಇಷ್ಟರಲ್ಲೇ ನೆಲ ಕಾಲಡಿಯಿಂದ ಸರಿಯುತ್ತದೆ. ನಾಲ್ಕನೆಯ ಮಾನದಂಡಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಗೊತ್ತಿಲ್ಲ.

ಹತ್ತು ನಿಮಿಷದ ನುಡಿಸಾಣಿಕೆಯಲ್ಲಿ ಸುಮಾರು ಒಂದೂಮುಕ್ಕಾಲು ನಿಮಿಷಕ್ಕೆ ಚೆಲೋ ಮತ್ತು ಬಸೂನ್ ಎರಡನೆಯ ಥೀಮ್ ಎತ್ತಿಕೊಳ್ಳುತ್ತವೆ. ಬಿ ಮೈನರ್‌ನಿಂದ ಡಿ ಮೇಜರ್‌ಗೆ ಬಂದಿರುತ್ತೇವೆ. ಕರ್ನಾಟಕ ಸಂಗೀತ ಬಲ್ಲವರಿಗೆ ಇದು ಗ್ರಹಭೇದದ ಪರಿಚಿತ ದಾರಿ: ನಠಭೈರವಿಯ ಗಾಂಧಾರವನ್ನು ಷಡ್ಜ ಮಾಡಿಕೊಂಡರೆ ಶಂಕರಾಭರಣ. ಅದೇ ಥೀಮ್ ಕೊನೆಯ ಭಾಗದಲ್ಲಿ, ಸುಮಾರು ಏಳು-ಏಳೂವರೆ ನಿಮಿಷದ ಹೊತ್ತಿಗೆ, ಕ್ಲಾರಿನೆಟ್‌ನಲ್ಲಿ ತೀರ ಮೆಲ್ಲಗೆ ಮರಳುತ್ತದೆ. ಕೃತಿಯ ಹೃದಯ ಅಲ್ಲಿದೆ. ಬಸ್ಸಿನಲ್ಲೋ ಮೆಟ್ರೋದಲ್ಲೋ ಕೇಳಿದರೆ ಆ ಜಾಗವೇ ಕಳೆದುಹೋಗುತ್ತದೆ, ದಯವಿಟ್ಟು ಮನೆಯಲ್ಲಿ ಕೇಳಿ.

ಯಾವ ಧ್ವನಿಮುದ್ರಣ? ಶೀರ್ಷಿಕೆಯಲ್ಲಿ 'ದಿ ಹೆಬ್ರಿಡೀಸ್', 'ಫಿಂಗಲ್ಸ್ ಕೇವ್', 'ಡಿ ಹೆಬ್ರಿಡೆನ್' ಏನಿದ್ದರೂ ಓಪಸ್ 26 ಎಂದಿದ್ದರೆ ಕೃತಿ ಒಂದೇ. ಕಂಡಕ್ಟರ್ ಕ್ಲೆಂಪರರ್ ಮತ್ತು ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾದ್ದು ಭಾರವಾದ, ಆಳದ ಕಡಲು, ಮರದ ವಾದ್ಯಗಳು ಸ್ಪಷ್ಟ. ಲಂಡನ್ ಸಿಂಫನಿಯೊಂದಿಗೆ ಅಬ್ಬಾಡೊ ಮಾಡಿದ್ದು ಹರಿವಿನದು, ಮೊದಲ ಸಲಕ್ಕೆ ಸುಲಭ. ಅದೇ ಆರ್ಕೆಸ್ಟ್ರಾದೊಂದಿಗೆ ಗಾರ್ಡಿನರ್ ಮಾಡಿದ್ದರಲ್ಲಿ ತಂತಿಗಳ ಕಂಪನ ಕಡಿಮೆ, ಗಾಳಿ ಮುಖಕ್ಕೆ ಹೊಡೆಯುತ್ತದೆ. ಒಂದು ಮುದ್ರಣ ಒಳ್ಳೆಯದೋ ಅಲ್ಲವೋ ತಿಳಿಯಲು ಮೊದಲ ಅರ್ಧ ನಿಮಿಷ ಸಾಕು: ವಯೋಲಾ-ಬಸೂನ್ ಪುಂಜ ಸ್ಪಷ್ಟವಾಗಿ ಕೇಳದೆ ಪಿಟೀಲುಗಳ ಉದ್ದ ಸ್ವರವೇ ಮುಂದೆ ಬಂದರೆ ಬೇರೆಯದನ್ನು ಹುಡುಕಿ. ವೇಗ ವಿಪರೀತವಾದರೆ ಪುಂಜ ಬೆರಳಿನ ಸಾಧನೆಯಂತೆ ಕೇಳುತ್ತದೆ, ನಿಧಾನವಾದರೆ ದೋಣಿ ನಿಂತೇಬಿಡುತ್ತದೆ.

ಇನ್ನೊಂದು ವಿಷಯ. ಮೆಂಡೆಲ್‌ಸನ್ 1830ರ ಡಿಸೆಂಬರ್‌ನಲ್ಲಿ ರೋಮ್‌ನಲ್ಲಿ ಮುಗಿಸಿದ ರೂಪವೊಂದಿದೆ, ಅದಕ್ಕೆ 'ಒಂಟಿ ದ್ವೀಪ' ಎಂದು ಹೆಸರಿಟ್ಟಿದ್ದರು. ಆಮೇಲೆ ಅವರಿಗೇ ಸಮಾಧಾನವಾಗಲಿಲ್ಲ. ನಡುವಿನ ಭಾಗದಲ್ಲಿ ಮೀನೆಣ್ಣೆ, ಕಡಲಹಕ್ಕಿ, ಉಪ್ಪುಮೀನಿನ ವಾಸನೆಗಿಂತ ಶಾಸ್ತ್ರದ ವಾಸನೆಯೇ ಹೆಚ್ಚಾಗಿದೆ ಎಂಬರ್ಥದಲ್ಲಿ 1832ರ ಜನವರಿಯಲ್ಲಿ ಅಕ್ಕ ಫ್ಯಾನಿಗೆ ಬರೆದರು. ತಿದ್ದಿ, 1832ರ ಮೇ 14ರಂದು ಲಂಡನ್‌ನಲ್ಲಿ ಮೊದಲು ನುಡಿಸಲಾಯಿತು. ತಿದ್ದುಪಡಿ ಅಲ್ಲಿಗೂ ನಿಲ್ಲಲಿಲ್ಲ. ರೋಮ್ ರೂಪ ಕೇಳಬೇಕಾದರೆ ರಿಕಾರ್ಡೊ ಶಾಯಿ ಮತ್ತು ಗೆವಾಂಡ್‌ಹೌಸ್ ಆರ್ಕೆಸ್ಟ್ರಾದ ಮುದ್ರಣವಿದೆ. ಆದರೆ ಅದು ಎರಡನೆಯ ಹಂತಕ್ಕೆ. ಅಂತಿಮ ರೂಪ ಬಾಯಿಪಾಠವಾದ ಮೇಲೆ ಕೇಳಿದರೆ ಮಾತ್ರ ಏನನ್ನು ಕಿತ್ತುಹಾಕಿದರು, ಏಕೆ ಎಂಬುದು ತಿಳಿಯುತ್ತದೆ.

ರಖ್ಮಾನಿನೊವ್: ಮೃತರ ದ್ವೀಪ, ಓಪಸ್ 29

ಮೆಂಡೆಲ್‌ಸನ್‌ಗೆ ಸರಿಸಾಟಿಯಾಗಿ ನಿಲ್ಲುವ ಕೃತಿ ಇದು. ಆದರೆ ಇಲ್ಲಿ ನಿಜವಾದ ಪ್ರಯಾಣವಿಲ್ಲ, ಇರುವುದು ಒಂದು ಚಿತ್ರ. ಆರ್ನಲ್ಡ್ ಬ್ಯೋಕ್ಲಿನ್ 1880ರ ದಶಕದಲ್ಲಿ ಮತ್ತೆ ಮತ್ತೆ ಬಿಡಿಸಿದ 'ಮೃತರ ದ್ವೀಪ'ದ ಕಪ್ಪುಬಿಳುಪು ಪ್ರತಿಯೊಂದನ್ನು ರಖ್ಮಾನಿನೊವ್ 1907ರಲ್ಲಿ ಪ್ಯಾರಿಸ್‌ನಲ್ಲಿ ಕಂಡರು. ಬಿಳಿಬಟ್ಟೆಯ ಆಕೃತಿಯೊಂದು ನಿಂತ ದೋಣಿ, ಒಂದು ಪೆಟ್ಟಿಗೆ, ಎದುರಿಗೆ ಬಂಡೆ ಮತ್ತು ಕಪ್ಪು ಸೈಪ್ರೆಸ್ ಮರಗಳು. 1909ರಲ್ಲಿ ಡ್ರೆಸ್‌ಡೆನ್‌ನಲ್ಲಿದ್ದಾಗ ಸಂಗೀತವಾಯಿತು, ಅದೇ ವರ್ಷ ಮಾಸ್ಕೋದಲ್ಲಿ ಅವರೇ ನಡೆಸಿಕೊಟ್ಟರು.

ಇದರ ಗುಟ್ಟು ತಾಳದಲ್ಲಿದೆ. ಆರಂಭ ಐದೆಂಟರ ಅಳತೆಯಲ್ಲಿ, ಎಂದರೆ ನಮ್ಮ ಕಿವಿಗೆ ಖಂಡದಲ್ಲಿ. ಯುರೋಪಿನ ಕೇಳುಗರು ಐದರ ಎಣಿಕೆಗೆ ತಡವರಿಸುವ ಕಡೆ ಖಂಡಛಾಪು ಕೇಳಿ ಬೆಳೆದವರು ಮೊದಲ ಸುತ್ತಿಗೇ ಒಳಗಿರುತ್ತಾರೆ. ಒಂದು ವ್ಯತ್ಯಾಸ: ಇಲ್ಲಿ ಎರಡು-ಮೂರು ಮತ್ತು ಮೂರು-ಎರಡು ಅದಲುಬದಲಾಗುತ್ತವೆ. ಹುಟ್ಟು ನೀರಿಗೆ ಬೀಳುವುದು, ಎಳೆಯುವುದು, ಮೇಲೆದ್ದು ಒಂದು ಕ್ಷಣ ನಿಲ್ಲುವುದು, ಎಲ್ಲವೂ ಆ ಐದರೊಳಗೆ ಸಮವಾಗದೆ ತೂಗುತ್ತವೆ. ನಾಲ್ಕನೆಯ ಮಾನದಂಡಕ್ಕೆ ಪೂರ್ಣಾಂಕ.

ನಡುವೆ ಬದುಕಿನ ನೆನಪಿನಂತೆ ಬೆಚ್ಚನೆಯ ಭಾಗವೊಂದು ಬಂದು ಮುರಿಯುತ್ತದೆ, ಆಮೇಲೆ 'ಡೀಯೆಸ್ ಈರೆ' ಎಂಬ ಮಧ್ಯಯುಗದ ಮೃತ್ಯುಗೀತೆಯ ನಾಲ್ಕು ಸ್ವರಗಳು ಬಹಿರಂಗವಾಗಿ ಬರುತ್ತವೆ, ಕೊನೆಗೆ ದೋಣಿ ಅದೇ ಐದರ ಲಯದಲ್ಲಿ ಮರಳುತ್ತದೆ. ಒಟ್ಟು ಇಪ್ಪತ್ತು ನಿಮಿಷದ ಸುತ್ತಮುತ್ತ. ಕಳೆದುಕೊಂಡವರ ನೆನಪು ಹಸಿಯಾಗಿರುವಾಗ ಇದು ಕೆಲವರಿಗೆ ಆಸರೆ, ಕೆಲವರಿಗೆ ತಡೆಯಲಾಗದ ಭಾರ. ಅದನ್ನು ತಿಳಿದೇ ಕೇಳಿ.

ಸಲಕರಣೆಯ ವಿಷಯದಲ್ಲಿ ಇದು ಆರರಲ್ಲಿ ಅತಿ ಕಟ್ಟುನಿಟ್ಟು. ಮೊದಲ ನಿಮಿಷಗಳು ಬಹುಪಾಲು ಕೆಳಗಿನ ತಂತಿ, ಹಾರ್ಪ್, ಟಿಂಪನಿಯವು, ಮೊಬೈಲ್ ಸ್ಪೀಕರಿನಲ್ಲಿ ಏನೂ ಕೇಳಿಸದು. ಧ್ವನಿ ಏರಿಸಿದರೆ ನಡುವಿನ ಶಿಖರದಲ್ಲಿ ಕಿವಿ ಹರಿಯುತ್ತದೆ. ಮೊದಲು ಶಿಖರಕ್ಕೆ ಹೋಗಿ ಅಲ್ಲಿಗೆ ತಕ್ಕಂತೆ ಧ್ವನಿ ಇಟ್ಟುಕೊಂಡು ಆಮೇಲೆ ಆರಂಭದಿಂದ ಕೇಳುವುದು ಉತ್ತಮ. ಮುದ್ರಣಗಳಲ್ಲಿ ಆಶ್ಕೆನಾಜಿ ಮತ್ತು ಕಾನ್ಸರ್ಟ್‌ಗೆಬೌ ಆರ್ಕೆಸ್ಟ್ರಾದ್ದನ್ನು ಕಣ್ಣುಮುಚ್ಚಿ ಹೇಳಬಹುದು. ರೈನರ್ ಮತ್ತು ಷಿಕಾಗೋದವರದು ಹೆಚ್ಚು ಬಿಗಿ. ರಖ್ಮಾನಿನೊವ್ ತಾವೇ ಫಿಲಡೆಲ್ಫಿಯಾದವರೊಂದಿಗೆ 1929ರಲ್ಲಿ ಮುದ್ರಿಸಿದ್ದು ಉಳಿದಿದೆ. ಕೆಲವು ಕಡೆ ಕತ್ತರಿ ಬಿದ್ದಿದೆ, ಹಳೆಯ ತಟ್ಟೆಯ ಸರಸರ ಸದ್ದಿದೆ, ಆದರೆ ಬರೆದವರ ಮನಸ್ಸಿನಲ್ಲಿ ದೋಣಿ ಯಾವ ವೇಗದಲ್ಲಿತ್ತು ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ.

ಬ್ಯಾಕ್ಸ್: ಫ್ಯಾಂಡ್‌ಳ ತೋಟ

ಐರಿಷ್ ಪುರಾಣದಲ್ಲಿ ಫ್ಯಾಂಡ್ ಕಡಲರಾಜನ ಹೆಂಡತಿ, ಅವಳ ತೋಟವೆಂದರೆ ಸಮುದ್ರವೇ. ಆರ್ನಲ್ಡ್ ಬ್ಯಾಕ್ಸ್ ಕಲ್ಪನೆಯಲ್ಲಿ ಚಿಕ್ಕ ಹಡಗೊಂದು ಅಟ್ಲಾಂಟಿಕ್‌ನ ಮಾಯದ ಶಾಂತಿಯಲ್ಲಿ ತೇಲುತ್ತಿರುತ್ತದೆ, ದೊಡ್ಡ ಅಲೆಯೊಂದು ಅದನ್ನೆತ್ತಿ ಫ್ಯಾಂಡ್‌ಳ ದ್ವೀಪಕ್ಕೆ ಎಸೆಯುತ್ತದೆ, ಅಲ್ಲಿ ಮುಗಿಯದ ಕುಣಿತ, ನಂತರ ಅವಳ ಹಾಡು, ಕೊನೆಗೆ ಕಡಲು ಉಕ್ಕಿ ದ್ವೀಪವನ್ನೇ ಮುಳುಗಿಸುತ್ತದೆ. 1913ರಲ್ಲಿ ರಚಿಸಿ 1916ರಲ್ಲಿ ಆರ್ಕೆಸ್ಟ್ರಾಕ್ಕೆ ಅಳವಡಿಸಿದರು, 1920ರಲ್ಲಿ ಷಿಕಾಗೋದಲ್ಲಿ ಮೊದಲು ನುಡಿಸಿದರು. ಸುಮಾರು ಹದಿನೇಳು ನಿಮಿಷ.

ಬಣ್ಣ ಬೇಕೆನ್ನುವವರಿಗೆ ಇದು ಹಬ್ಬ. ಎರಡು ಹಾರ್ಪ್, ಸೆಲೆಸ್ಟಾ (ಗಂಟೆಯ ನಾದದ ಚಿಕ್ಕ ಕೀಲಿಮಣೆ ವಾದ್ಯ), ಹಲವಾರು ಎಳೆಗಳಾಗಿ ಸೀಳಿದ ತಂತಿವಾದ್ಯಗಳು. ಅದೇ ಇದರ ದೌರ್ಬಲ್ಯವೂ ಹೌದು. ಮೊದಲ ಸಲ ಕೇಳುವವರು ಹೊಳಪಿನಲ್ಲೇ ಕಳೆದುಹೋಗಿ ಎಲ್ಲಿದ್ದೇವೆಂದು ತಿಳಿಯದೆ ಸುಸ್ತಾಗುತ್ತಾರೆ. ಮೇಲಿನ ಕಥೆಯ ನಾಲ್ಕು ಹಂತಗಳನ್ನು ಎದುರಿಗಿಟ್ಟುಕೊಂಡು ಕೇಳಿದರೆ ಆ ತೊಂದರೆ ಇಲ್ಲ. ಫ್ಯಾಂಡ್‌ಳ ಹಾಡು ಉದ್ದನೆಯ ಉಸಿರಿನದು, ಗುನುಗಬಹುದಾದದ್ದು, ಹಾಗಾಗಿ ಮೂರನೆಯ ಮಾನದಂಡದಲ್ಲಿ ಗೆಲ್ಲುತ್ತದೆ. ಅಲ್ಸ್ಟರ್ ಆರ್ಕೆಸ್ಟ್ರಾದೊಂದಿಗೆ ಬ್ರೈಡನ್ ಥಾಮ್ಸನ್ ಮಾಡಿದ ಮುದ್ರಣ ಧ್ವನಿಯ ದೃಷ್ಟಿಯಿಂದ ಶ್ರೀಮಂತ, ಡೇವಿಡ್ ಲಾಯ್ಡ್-ಜೋನ್ಸ್ ನ್ಯಾಕ್ಸಾಸ್‌ಗೆ ಮಾಡಿದ್ದು ಹಣ ಕೊಟ್ಟು ಕೊಳ್ಳುವವರಿಗೆ ಅಗ್ಗ.

ನೀಲ್ಸನ್: ಫೇರೋ ದ್ವೀಪಗಳಿಗೆ ಒಂದು ಕಲ್ಪನಾಯಾನ

1927ರ ನವೆಂಬರ್‌ನಲ್ಲಿ ಕೋಪನ್‌ಹೇಗನ್‌ನ ರಾಯಲ್ ಥಿಯೇಟರ್‌ನಲ್ಲಿ ಫೇರೋ ದ್ವೀಪಗಳಿಂದ ಬಂದ ಅತಿಥಿಗಳಿಗಾಗಿ ನಡೆದ ಕಾರ್ಯಕ್ರಮಕ್ಕೆ ಕಾರ್ಲ್ ನೀಲ್ಸನ್ ಬರೆದದ್ದು. ಹೆಸರೇ ಹೇಳುವಂತೆ ಮನಸ್ಸಿನಲ್ಲೇ ಮಾಡಿದ ಯಾನ. ಶಾಂತ ಕಡಲು, ದೂರದಲ್ಲಿ ನೆಲ ಕಂಡ ಸಡಗರ, ಫೇರೋ ಜನರ ಹಳೆಯ ಧಾಟಿ, ಕುಣಿತ, ವಿದಾಯ, ಮತ್ತೆ ಕಡಲು. ಸುಮಾರು ಹತ್ತು ನಿಮಿಷ.

ನೀಲ್ಸನ್‌ರ ಸಿಂಫನಿಗಳ ಎತ್ತರ ಇದಕ್ಕಿಲ್ಲ, ಅವರೂ ಇದನ್ನು ಸಂದರ್ಭಕ್ಕೆ ಬರೆದ ಕೆಲಸವೆಂದೇ ಎಣಿಸಿದ್ದರು. ಆದರೂ ಹೊಸಬರಿಗೆ ಇದರ ಲಾಭ ಬೇರೆಯೇ: ಹೊರಡುವುದು, ತಲುಪುವುದು, ಮರಳುವುದು, ಮೂರೂ ಕನ್ನಡಿಯಷ್ಟು ಸ್ಪಷ್ಟ. ಹೈಸ್ಕೂಲು ಮಕ್ಕಳಿಗೆ ಆರ್ಕೆಸ್ಟ್ರಾ ಪರಿಚಯಿಸುವ ಶಿಕ್ಷಕರು ಮೆಂಡೆಲ್‌ಸನ್‌ಗಿಂತ ಮೊದಲು ಇದನ್ನು ಹಾಕಬಹುದು. ಥಾಮಸ್ ಡೌಸ್ಗಾರ್ಡ್ ಡಾಕಾಪೋ ಕಂಪನಿಗೆ ಮಾಡಿದ್ದನ್ನಾಗಲೀ ನೀಮೆ ಯಾರ್ವಿ ಗೋಥೆನ್‌ಬರ್ಗ್‌ನವರೊಂದಿಗೆ ಮಾಡಿದ್ದನ್ನಾಗಲೀ ಆರಿಸಿಕೊಳ್ಳಿ.

ಬ್ಯಾಂಟಕ್ ಮತ್ತು ಮ್ಯಾಕ್ಸ್‌ವೆಲ್ ಡೇವಿಸ್

ಗ್ರ್ಯಾನ್ವಿಲ್ ಬ್ಯಾಂಟಕ್‌ರ ಹೆಬ್ರಿಡಿಯನ್ ಸಿಂಫನಿ 1916ರಲ್ಲಿ ಗ್ಲಾಸ್ಗೋದಲ್ಲಿ ಮೊದಲು ಕೇಳಿಬಂತು. ಮಾರ್ಜರಿ ಕೆನಡಿ-ಫ್ರೇಸರ್ ಆ ದ್ವೀಪಗಳಲ್ಲಿ ಸಂಗ್ರಹಿಸಿದ ಜನಪದ ಹಾಡುಗಳ ಮೇಲೆ ನಿಂತ ಕೃತಿ, ಬಾರಾ ದ್ವೀಪದ ಹಡಗಿನ ಹಾಡೂ ಅದರಲ್ಲಿದೆ. ಮೆಂಡೆಲ್‌ಸನ್ ಹೋದ ನೀರಿನ ಮೇಲೇ ಇದೂ ಸಾಗುತ್ತದೆ, ಆದರೆ ಅಲ್ಲಿ ಜನರಿಲ್ಲ, ಇಲ್ಲಿ ಜನರಿದ್ದಾರೆ: ಮಂಜು, ಬಿರುಗಾಳಿ, ಕುಲಗಳ ಕಾದಾಟ, ಗೋಳು. ಸುಮಾರು ಮೂವತ್ತೈದು ನಿಮಿಷ ನಿಲ್ಲದೆ ಸಾಗುತ್ತದೆ. ಕಾದಾಟದ ಭಾಗ ಅಗತ್ಯಕ್ಕಿಂತ ಉದ್ದವಾಯಿತು ಎನ್ನುವುದು ನಮ್ಮ ಅನಿಸಿಕೆ. ಜಾನಪದದಲ್ಲಿ ಆಸಕ್ತಿ ಇದ್ದು ಅರ್ಧ ಗಂಟೆ ಕೂರಬಲ್ಲವರು ವೆರ್ನನ್ ಹ್ಯಾಂಡ್ಲಿ ಹೈಪೀರಿಯನ್‌ಗೆ ಮಾಡಿದ ಮುದ್ರಣ ಕೇಳಲಿ, ಉಳಿದವರು ಮುಂದಕ್ಕೆ ಇಟ್ಟುಕೊಳ್ಳಲಿ.

ಪೀಟರ್ ಮ್ಯಾಕ್ಸ್‌ವೆಲ್ ಡೇವಿಸ್ ಪ್ರವಾಸಿಯಲ್ಲ, 1970ರ ದಶಕದಿಂದ ಸ್ಕಾಟ್ಲೆಂಡಿನ ಉತ್ತರದ ಆರ್ಕ್ನಿ ದ್ವೀಪಗಳಲ್ಲೇ ನೆಲೆಸಿದ್ದವರು. 1985ರ 'ಆನ್ ಆರ್ಕ್ನಿ ವೆಡಿಂಗ್, ವಿತ್ ಸನ್‌ರೈಸ್' ಹನ್ನೆರಡು ನಿಮಿಷದ ಮದುವೆಯ ರಾತ್ರಿ. ಕುಡಿತ ಏರಿದಂತೆ ಪಿಟೀಲುಗಳೂ ಓಲಾಡುತ್ತವೆ, ಬೆಳಗಾಗುವಾಗ ಬ್ಯಾಗ್‌ಪೈಪ್ ನುಡಿಸುವವರು ಸಭಾಂಗಣದ ಹಿಂದಿನಿಂದ ನಡೆದು ಬರುತ್ತಾರೆ. ಇದನ್ನು ವೀಡಿಯೊದಲ್ಲಿ ನೋಡಬೇಕು, ಬರೀ ಕೇಳಿದರೆ ಅರ್ಧ ಸುಖ ನಷ್ಟ. ಇಲ್ಲಿ ಪ್ರಯಾಣವಿಲ್ಲ, ತಲುಪಿದ ಮೇಲಿನ ಬದುಕಿದೆ.

ಹಾಗಾದರೆ ಯಾರಿಗೆ ಯಾವುದು, ಎಷ್ಟು ಖರ್ಚಿನಲ್ಲಿ?

ಮೊಬೈಲ್ ಮತ್ತು ಸಾಧಾರಣ ಇಯರ್‌ಫೋನ್ ಮಾತ್ರ ಇದ್ದು ಹತ್ತು ನಿಮಿಷ ಬಿಡುವಿದ್ದರೆ ಮೆಂಡೆಲ್‌ಸನ್. ಒಳ್ಳೆಯ ಹೆಡ್‌ಫೋನ್ ಅಥವಾ ಸ್ಪೀಕರ್ ಜೋಡಿ, ರಾತ್ರಿಯ ನಿಶ್ಶಬ್ದ ಇದ್ದರೆ ರಖ್ಮಾನಿನೊವ್‌ಗೆ ನೇರ ಹೋಗಬಹುದು, ಲಯದ ಮೂಲಕ ಸಂಗೀತ ಹಿಡಿಯುವ ಮೃದಂಗದ ವಿದ್ಯಾರ್ಥಿಗಳಿಗಂತೂ ಅದೇ ಸರಿಯಾದ ಬಾಗಿಲು. ಸಿನಿಮಾ ಹಿನ್ನೆಲೆ ಸಂಗೀತದ ಶ್ರೀಮಂತಿಕೆಯಿಂದ ಇತ್ತ ಬಂದವರಿಗೆ ಬ್ಯಾಕ್ಸ್.

ಖರ್ಚು ಶೂನ್ಯದಿಂದ ಶುರುವಾಗುತ್ತದೆ. ಭಾರತದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾಗಿ 60 ವರ್ಷಕ್ಕೆ ಮುಗಿಯುತ್ತದೆ, ಆದ್ದರಿಂದ ರಖ್ಮಾನಿನೊವ್‌ರ 1929ರ ಮುದ್ರಣದಂಥವು ಮುಕ್ತ. ಯೂಟ್ಯೂಬ್‌ನಲ್ಲಿ ರೇಡಿಯೊ ಆರ್ಕೆಸ್ಟ್ರಾಗಳ ಅಧಿಕೃತ ಚಾನೆಲ್‌ಗಳಿವೆ. ತೊಂದರೆ ಬರುವುದು ಜಾಹೀರಾತಿನಿಂದ: ಇಪ್ಪತ್ತು ನಿಮಿಷದ ಕೃತಿಯ ನಡುವೆ ಸೋಪಿನ ಜಾಹೀರಾತು ತೂರಿದರೆ ಕಟ್ಟಿದ್ದೆಲ್ಲ ಕುಸಿಯುತ್ತದೆ. ಉಚಿತ ಖಾತೆ ಇರುವವರು ಹತ್ತು ನಿಮಿಷದ ಕೃತಿಗಳನ್ನೇ ಆರಿಸಿಕೊಳ್ಳಲು ಇದೂ ಒಂದು ಕಾರಣ. ಬ್ಯಾಂಟಕ್‌ನಂತೆ ಹಲವು ಟ್ರ್ಯಾಕ್‌ಗಳಾಗಿ ತುಂಡಾದ ಕೃತಿಗೆ ಷಫಲ್ ಆಫ್ ಮಾಡಿ, ಕ್ರಾಸ್‌ಫೇಡ್ (ಒಂದು ಟ್ರ್ಯಾಕಿನ ಕೊನೆಯನ್ನು ಮುಂದಿನದರ ಆರಂಭಕ್ಕೆ ಬೆರೆಸುವ ಸೌಲಭ್ಯ) ಸೊನ್ನೆಗೆ ಇಳಿಸಿ, ಇಲ್ಲದಿದ್ದರೆ ಸೇರುವ ಜಾಗಗಳಲ್ಲಿ ಸಂಗೀತ ಕಲಸಿಹೋಗುತ್ತದೆ. ಹುಡುಕುವಾಗ ಸಂಗೀತಗಾರರ ಹೆಸರು, ಓಪಸ್ ಸಂಖ್ಯೆ, ಕಂಡಕ್ಟರ್ ಹೆಸರು ಮೂರನ್ನೂ ಹಾಕಿ. 'ಕಡಲ ಸಂಗೀತ' ಬಗೆಯ ಪ್ಲೇಲಿಸ್ಟ್‌ಗಳಲ್ಲಿ ಕತ್ತರಿಸಿದ ಮೂರು ನಿಮಿಷದ ತುಣುಕುಗಳು ಇರುತ್ತವೆ, ಹೆಬ್ರಿಡೀಸ್ ಒಂಬತ್ತು ನಿಮಿಷಕ್ಕಿಂತ ಕಡಿಮೆ ತೋರಿಸಿದರೆ ಅನುಮಾನಿಸಿ.

ಸ್ವರಲಿಪಿ ಓದಬಲ್ಲವರಿಗೆ ಐಎಂಎಸ್‌ಎಲ್‌ಪಿ ತಾಣದಲ್ಲಿ ಮೆಂಡೆಲ್‌ಸನ್, ರಖ್ಮಾನಿನೊವ್ ಎರಡರ ಪೂರ್ಣ ಸ್ಕೋರ್ ಉಚಿತ. ಸ್ಕೋರ್ ಕಣ್ಣಮುಂದಿಟ್ಟು ಕೇಳುವವರು ವಯೋಲಾ ಸಾಲಿನ ಮೇಲೆ ಬೆರಳಿಟ್ಟುಕೊಳ್ಳಿ, ಪಿಟೀಲಿನ ಸಾಲನ್ನು ಅನುಸರಿಸಿದರೆ ಹೆಬ್ರಿಡೀಸ್‌ನ ಮೊದಲ ಪುಟದಲ್ಲಿ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ.

ನುಡಿಸಬೇಕೆಂದಿರುವ ಹವ್ಯಾಸಿ ತಂಡಗಳಿಗೆ ಆರರಲ್ಲಿ ಕೈಗೆಟುಕುವುದು ಹೆಬ್ರಿಡೀಸ್ ಒಂದೇ. ಬೇಕಾದ ವಾದ್ಯಗಳು ಕಡಿಮೆ, ಪಾರ್ಟ್‌ಗಳು (ಒಂದೊಂದು ವಾದ್ಯದ ಬಿಡಿ ಸ್ವರಲಿಪಿ) ಉಚಿತ. ಆದರೆ ವಯೋಲಾ ಮತ್ತು ಬಸೂನ್ ನಮ್ಮ ಊರುಗಳಲ್ಲಿ ಸುಲಭವಾಗಿ ಸಿಗುವುದಿಲ್ಲ, ಈ ಕೃತಿ ನಿಂತಿರುವುದೇ ಅವುಗಳ ಮೇಲೆ. ವಯೋಲಾ ಒಂದೋ ಎರಡೋ ಇದ್ದರೆ ಎರಡನೆಯ ಪಿಟೀಲಿನಿಂದ ಇಬ್ಬರನ್ನು ಅತ್ತ ಕೂರಿಸಿ ವಯೋಲಾ ಕೊಡಿಸುವುದು ಮೇಲು, ಬಸೂನ್ ಇಲ್ಲದಿದ್ದರೆ ಆ ಸಾಲನ್ನು ಇನ್ನೊಂದು ಚೆಲೋಗೆ ಕೊಡಬಹುದು. ಅದೂ ಆಗದಿದ್ದರೆ ಮೆಂಡೆಲ್‌ಸನ್ ತಾವೇ ನಾಲ್ಕು ಕೈಗಳ ಪಿಯಾನೊಗೆ ಅಳವಡಿಸಿದ ರೂಪವಿದೆ, ಇಬ್ಬರು ವಿದ್ಯಾರ್ಥಿಗಳು ಒಂದೇ ಪಿಯಾನೊದಲ್ಲಿ ನುಡಿಸಬಹುದು. ಕೆಳಗಿನ ಜಾಗದಲ್ಲಿ ಕೂರುವವರು ಎಡಗೈ ಗಟ್ಟಿಯಿರುವವರಾಗಿರಲಿ, ಪೆಡಲನ್ನೂ ಅವರ ಕಾಲಿಗೇ ಬಿಡಿ.